ಆಟ ಕೈಕೊಟ್ಟ ಮೇಲೆ: ಇರಬೇಕೆ, ಎದ್ದು ಹೋಗಬೇಕೆ?

1991ರಲ್ಲಿ ಬ್ರಿಟನ್ನಿನ ದೊಡ್ಡ ಗಾಲ್ಫ್ ಟೂರ್ನಿಯಾದ ಓಪನ್ ಗೆದ್ದವರು 1997ರಲ್ಲಿ ಅದೇ ಓಪನ್‌ನ ಒಂದೇ ಸುತ್ತಿಗೆ 92 ಹೊಡೆತ ತೆಗೆದುಕೊಂಡರು. ಮರುದಿನ ಮೈದಾನಕ್ಕಿಳಿಯಲಿಲ್ಲ. ಆಟ ಬಿಡುವುದಕ್ಕೆ ಅವರಿಗೆ ಅಷ್ಟು ವರ್ಷ ಯಾಕೆ ಬೇಕಾಯಿತು? ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲು ಕೈ ಬಾರದವರೆಲ್ಲ ಓದಬೇಕಾದ ಒಬ್ಬ ಗಾಲ್ಫರ್‌ನ ಕಥೆ.

1997ರ ಜುಲೈ 17, ಗುರುವಾರ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ರಾಯಲ್ ಟ್ರೂನ್ ಗಾಲ್ಫ್ ಮೈದಾನ. ಹಳೆಯ ಚಾಂಪಿಯನ್‌ಗಳಿಗೆಂದೇ ಮೀಸಲಾದ ಲಾಕರ್ ಕೋಣೆಯಲ್ಲಿ 36 ವರ್ಷದ, ಆರಡಿ ಮೀರಿದ ಆಸ್ಟ್ರೇಲಿಯನ್ನರೊಬ್ಬರು ನೆಲಕ್ಕೆ ಕುಸಿದು ಬಿಕ್ಕುತ್ತಿದ್ದಾರೆ. ಪಕ್ಕದಲ್ಲಿ ಹೆಂಡತಿ.

ಹೊರಗೆ ಅಂಕಫಲಕದಲ್ಲಿ ಅವರ ಹೆಸರಿನ ಮುಂದೆ 92 ಎಂದಿದೆ. ಆ ಮೈದಾನದ ಪಾರ್ 71. ಅಂದರೆ ಪಳಗಿದ ಆಟಗಾರ ಮುಗಿಸಬೇಕಾದ ಲೆಕ್ಕಕ್ಕಿಂತ 21 ಹೊಡೆತ ಹೆಚ್ಚು. ಭಾನುವಾರ ಬೆಳಿಗ್ಗೆ ಕ್ಲಬ್ಬಿಗೆ ಬಂದು, ಆಡಿ, ತಿಂಡಿ ತಿಂದು ಮನೆಗೆ ಹೋಗುವ ಹವ್ಯಾಸಿಗೆ 92 ಬಂದರೆ ಅವತ್ತು ಅವನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಓಪನ್ ಆಡುವವರಿಗೆ ಅದು ಮುಖ ಮುಚ್ಚಿಕೊಳ್ಳುವ ಅಂಕ.

ಇಯಾನ್ ಬೇಕರ್-ಫಿಂಚ್ ಎಲ್ಲಿಂದಲೋ ದಾರಿ ತಪ್ಪಿ ಬಂದವರಾಗಿರಲಿಲ್ಲ. ಆರು ವರ್ಷದ ಹಿಂದೆ ಇದೇ ಓಪನ್ ಗೆದ್ದು, ಕ್ಲಾರೆಟ್ ಜಗ್ ಎಂಬ ಬೆಳ್ಳಿಯ ಹೂಜಿ ಎತ್ತಿ ಹಿಡಿದವರು. ಅಂದು ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್‌ನಲ್ಲಿ ಕೊನೆಯ ದಿನದ ಮೊದಲ ಒಂಬತ್ತು ಕುಳಿಗಳನ್ನು ಅವರು ಮುಗಿಸಿದ್ದು ಬರೀ 29 ಹೊಡೆತಗಳಲ್ಲಿ. ಮೊದಲ ಏಳರಲ್ಲಿ ಐದು ಬರ್ಡಿ. ಹಿಂದೆ ಬಿದ್ದವರಿಗೆ ಉಸಿರಾಡಲೂ ಬಿಡದ ಆಟ.

2026ರ ಓಪನ್ ಮತ್ತೆ ಬರ್ಕ್‌ಡೇಲ್‌ಗೆ ಬರುತ್ತಿದೆ. ಆ ಗೆಲುವಿಗೆ 35 ವರ್ಷ. ಇಂಥ ಸಂದರ್ಭದಲ್ಲಿ ಎಲ್ಲರೂ ಆ 29ನ್ನು ಕೊಂಡಾಡುತ್ತಾರೆ, ಕೊಂಡಾಡಲಿ. ನನ್ನನ್ನು ಕಾಡುವುದು ಮಾತ್ರ 29ಕ್ಕೂ 92ಕ್ಕೂ ನಡುವಿನ ಆರು ವರ್ಷ.

ರೈತರ ಊರಿನ ಹುಡುಗ

ಬೇಕರ್-ಫಿಂಚ್ ಹುಟ್ಟಿದ್ದು 1960ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನಾಂಬೂರ್‌ನಲ್ಲಿ. ಬೆಳೆದದ್ದು ಬೀರ್ವಾ ಎಂಬ ಸಣ್ಣ ಊರಿನ ಆಸುಪಾಸು. ಅಲ್ಲಿನ ಗಾಲ್ಫ್ ಮೈದಾನ ಯಾವ ಶ್ರೀಮಂತರೂ ಕಟ್ಟಿಸಿಕೊಟ್ಟದ್ದಲ್ಲ, ಊರವರೇ ಸೇರಿ ಮಾಡಿಕೊಂಡದ್ದು. ಆ ಕೆಲಸದಲ್ಲಿ ಇವರ ಅಪ್ಪನ ಬೆವರೂ ಇತ್ತು. ಹುಡುಗ ಜ್ಯಾಕ್ ನಿಕ್ಲಸ್ ಬರೆದ ‘ಗಾಲ್ಫ್ ಮೈ ವೇ’ ಪುಸ್ತಕ ನೋಡಿಕೊಂಡು ಕೋಲು ಬೀಸುವುದನ್ನು ಕಲಿತ. 15ಕ್ಕೇ ಶಾಲೆ ಬಿಟ್ಟು ಗಾಲ್ಫ್ ಅಂಗಡಿಯಲ್ಲಿ ಕಲಿಕೆಗೆ ಸೇರಿದ. 1979ರಲ್ಲಿ ವೃತ್ತಿಪರನಾದ.

ಮೊದಲ ಪೆಟ್ಟು ಬಿದ್ದದ್ದು 1984ರಲ್ಲಿ. ಸೇಂಟ್ ಆಂಡ್ರೂಸ್‌ನ ಓಪನ್‌ನಲ್ಲಿ ಮೂರು ದಿನ ಮುಗಿದಾಗ ದೊಡ್ಡ ಆಟಗಾರ ಟಾಮ್ ವಾಟ್ಸನ್ ಜೊತೆ ಈ 23ರ ಹುಡುಗನೂ ಮುನ್ನಡೆಯಲ್ಲಿದ್ದ. ಕೊನೆಯ ದಿನದ ಮೊದಲ ಕುಳಿಯಲ್ಲಿ ಇವನು ಹೊಡೆದ ಚೆಂಡು ಕುಳಿಯ ಸುತ್ತಲಿನ ಹಸಿರಿನ (ಗ್ರೀನ್) ಮೇಲೆ ಬಿದ್ದು, ಹಿಮ್ಮುಖವಾಗಿ ಉರುಳಿ, ಸ್ವಿಲ್ಕನ್ ತೊರೆಗೆ ಇಳಿಯಿತು. ಆ ದಿನದ ಅಂಕ 79. ಇಷ್ಟಾದರೂ ಹುಡುಗ ಅಂಜಿ ಕೂರಲಿಲ್ಲ. 1989ರಲ್ಲಿ ಅಮೆರಿಕದಲ್ಲಿ ಕಲೋನಿಯಲ್ ಟೂರ್ನಿ ಗೆದ್ದರು, 1991ರಲ್ಲಿ ಓಪನ್.

ಎಡವಿದ್ದು ಗೆದ್ದ ಮೇಲೆ. ಬೇಕರ್-ಫಿಂಚ್ ಚೆಂಡನ್ನು ಬಹಳ ದೂರ ಹೊಡೆಯುವ ಆಟಗಾರರಾಗಿರಲಿಲ್ಲ. ಅವರ ಬಲ ಇದ್ದದ್ದು ನೇರ ಹೊಡೆತದಲ್ಲಿ, ಹಸಿರಿನ ಮೇಲೆ ಚೆಂಡನ್ನು ಕುಳಿಗೆ ತಳ್ಳುವ ಪಟ್‌ನಲ್ಲಿ. ಓಪನ್ ಚಾಂಪಿಯನ್ ಎಂಬ ಬಿರುದು ಹೆಗಲೇರಿದ ಮೇಲೆ, ಮಿಕ್ಕ ದೊಡ್ಡವರ ಹಾಗೆ ದೂರ ಹೊಡೆಯಬೇಕು ಎನಿಸಿತು. ಸ್ವಿಂಗ್ ಬದಲಾಯಿಸಲು ಹೊರಟರು. ಒಬ್ಬ ಗುರು ಸಾಲದೆ ಇನ್ನೊಬ್ಬರ ಬಳಿ ಹೋದರು, ಆಮೇಲೆ ಮತ್ತೊಬ್ಬರು. ಪ್ರತಿಯೊಬ್ಬರೂ ಏನಾದರೊಂದು ತಿದ್ದಿದರು. ನಮ್ಮಲ್ಲಿ ಚೆನ್ನಾಗಿ ಪಾಠ ಮಾಡುತ್ತಿದ್ದ ಮೇಷ್ಟ್ರನ್ನು ಮುಖ್ಯೋಪಾಧ್ಯಾಯರನ್ನಾಗಿ ಮಾಡಿ ಫೈಲುಗಳ ನಡುವೆ ಕೂರಿಸುವುದಿಲ್ಲವೆ? ಇಲ್ಲಿ ಆ ಬಡ್ತಿಯನ್ನು ಅವರು ತಮಗೆ ತಾವೇ ಕೊಟ್ಟುಕೊಂಡರು.

1993ರಲ್ಲಿ ಆಸ್ಟ್ರೇಲಿಯನ್ ಪಿಜಿಎ ಗೆದ್ದರು. ಅದೇ ಕೊನೆಯ ಗೆಲುವು.

ಜಗತ್ತಿನ ಅತಿ ಅಗಲದ ಹಾದಿ

1995ರ ಓಪನ್ ಸೇಂಟ್ ಆಂಡ್ರೂಸ್‌ನಲ್ಲಿ. ಜೊತೆಗೆ ಆಡುತ್ತಿದ್ದವರು ಅರ್ನಾಲ್ಡ್ ಪಾಮರ್. ಅದು ಪಾಮರ್ ಅವರ ಕೊನೆಯ ಓಪನ್, ಹಾಗಾಗಿ ಜನ ಕಿಕ್ಕಿರಿದಿದ್ದರು.

ಆ ಜಾಗ ಹೇಗಿದೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸೇಂಟ್ ಆಂಡ್ರೂಸ್‌ನ ಮೊದಲ ಮತ್ತು 18ನೇ ಕುಳಿಗಳಿಗೆ ಒಂದೇ ಫೇರ್‌ವೇ. ಸುಮಾರು 120 ಮೀಟರ್ ಅಗಲದ, ಮಟ್ಟಸವಾಗಿ ಕತ್ತರಿಸಿದ ಹುಲ್ಲು. ಮರವಿಲ್ಲ, ಮರಳಿನ ಗುಂಡಿಯಿಲ್ಲ. ಕಣ್ಣುಮುಚ್ಚಿ ಹೊಡೆದರೂ ಎಲ್ಲೋ ಹುಲ್ಲಿನ ಮೇಲೇ ಬೀಳಬೇಕು. ಎಡಗಡೆಯ ಎಲ್ಲೆ ದಾಟಬೇಕೆಂದರೆ ತನ್ನ ಪಾಲಿನ ಹುಲ್ಲನ್ನೂ ದಾಟಿ, 18ನೇ ಕುಳಿಯ ಪಾಲನ್ನೂ ದಾಟಿ, ಆಚೆಯ ರಸ್ತೆಯ ಕಡೆಗೆ ಹೋಗಬೇಕು.

ಬೇಕರ್-ಫಿಂಚ್ ಹೊಡೆದ ಚೆಂಡು ಎಡಕ್ಕೆ ಬಾಗಿ ಅದೆಲ್ಲವನ್ನೂ ದಾಟಿ ಹೋಯಿತು.

1995 ಮತ್ತು 1996ರಲ್ಲಿ ಅಮೆರಿಕದ ಪಿಜಿಎ ಟೂರ್‌ನಲ್ಲಿ ಅವರು ಸೇರಿದ ಟೂರ್ನಿಗಳು 29. ಒಂದರಲ್ಲೂ ಕೊನೆಯ ದಿನದವರೆಗೆ ಉಳಿಯಲಿಲ್ಲ. ಕಟ್ ತಪ್ಪಿತು, ಇಲ್ಲವೆ ನಡುವೆ ಹಿಂದೆ ಸರಿದರು, ಇಲ್ಲವೆ ಅನರ್ಹರಾದರು.

ಇನ್ನೂ ವಿಚಿತ್ರವೆಂದರೆ, ಅಭ್ಯಾಸದ ಅಂಗಳದಲ್ಲಿ ಏನೂ ಕೆಟ್ಟಿರಲಿಲ್ಲ. ಅಲ್ಲಿ ಸಾಲಾಗಿ ಹೊಡೆದ ಚೆಂಡುಗಳೆಲ್ಲ ಹೇಳಿದಲ್ಲಿ ಹೋಗಿ ಬೀಳುತ್ತಿದ್ದವು. ಅಲ್ಲಿಂದ ಕೆಲವೇ ಹೆಜ್ಜೆ ನಡೆದು, ಕಿಸೆಯಲ್ಲಿ ಅಂಕಪಟ್ಟಿ ಇಟ್ಟುಕೊಂಡು, ಹೆಸರು ಕೂಗಿಸಿಕೊಂಡು, ಸುತ್ತು ಶುರುವಾಗುವ ಜಾಗವಾದ ಮೊದಲ ಟೀ ಮೇಲೆ ನಿಂತರೆ ಅದೇ ಕೈ ಬೇರೆ ಯಾರದೋ ಆಗಿಬಿಡುತ್ತಿತ್ತು.

---

ಗಾಲ್ಫ್ ನೋಡದವರಿಗೆ ನಾಲ್ಕು ಮಾತು

ಒಂದು ಸುತ್ತಿಗೆ 18 ಕುಳಿ. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆದ್ದವರು. ಒಂದು ಕುಳಿಗೆ ಇಷ್ಟು ಹೊಡೆತ ಸಾಕು ಎಂಬ ಲೆಕ್ಕವೇ ಪಾರ್. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ.

ದೊಡ್ಡ ಟೂರ್ನಿಗಳು ಸಾಮಾನ್ಯವಾಗಿ ಗುರುವಾರದಿಂದ ಭಾನುವಾರದವರೆಗೆ. ಎರಡು ದಿನದ ಬಳಿಕ ಹಿಂದುಳಿದವರನ್ನು ಮನೆಗೆ ಕಳಿಸುತ್ತಾರೆ. ಅದೇ ಕಟ್. ಕಟ್ ತಪ್ಪಿದವರಿಗೆ ಸಾಧಾರಣವಾಗಿ ಆ ವಾರ ದುಡಿಮೆಯಿಲ್ಲ. ವಿಮಾನ, ಹೋಟೆಲ್, ಕ್ಯಾಡಿಯ ಸಂಬಳ ಎಲ್ಲ ಕೈಯಿಂದಲೇ. ಗಾಲ್ಫರ್‌ಗೆ ತಿಂಗಳ ಸಂಬಳವೂ ಇಲ್ಲ, ನೋಟಿಸ್ ಅವಧಿಯೂ ಇಲ್ಲ.

---

‘ಸ್ಟಾಪ್’ ಎಂದ ಕೂಡಲೇ ಕೆಟ್ಟ ಹೊಡೆತ

ಪಳಗಿದ ಕೈ ಹೀಗೇಕೆ ಕೈಕೊಡುತ್ತದೆ? ಮನೋವಿಜ್ಞಾನಿ ಸಿಯಾನ್ ಬೀಲಾಕ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಚೆನ್ನಾದ ಉತ್ತರ ಕೊಡುತ್ತದೆ. ಇದೇ ಬೀಲಾಕ್ ಈಗ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಅಧ್ಯಕ್ಷೆ.

ಪಳಗಿದ ಗಾಲ್ಫರ್‌ಗಳನ್ನು ಕರೆಸಿ ಪಟ್ ಹೊಡೆಯಲು ಹೇಳಿದರು. ಒಂದು ಸರದಿಯಲ್ಲಿ ಧ್ವನಿವರ್ಧಕದಿಂದ ಬರುವ ಸದ್ದುಗಳ ಕಡೆ ಕಿವಿಯಿಟ್ಟು, ಗೊತ್ತು ಮಾಡಿದ ಸದ್ದು ಕೇಳಿದಾಗ ಹೇಳಬೇಕು, ಹೊಡೆಯುತ್ತಲೂ ಇರಬೇಕು. ಇನ್ನೊಂದು ಸರದಿಯಲ್ಲಿ ತಮ್ಮ ಬೀಸಿನ ಮೇಲೇ ಗಮನವಿಟ್ಟು, ಕೋಲು ನಿಂತ ಗಳಿಗೆಗೆ ಸರಿಯಾಗಿ ‘ಸ್ಟಾಪ್’ ಎನ್ನಬೇಕು.

ಸದ್ದಿನ ಕಡೆ ಅರ್ಧ ಮನಸ್ಸು ಕೊಟ್ಟಾಗ ಅವರು ಚೆನ್ನಾಗಿ ಹೊಡೆದರು. ಸ್ವಂತ ಕೈಯ ಮೇಲೆ ಪೂರ್ತಿ ಮನಸ್ಸಿಟ್ಟಾಗ ಕೆಡಿಸಿದರು. ಹೊಸಬರಲ್ಲಿ ಇದು ತಿರುವುಮುರುವು: ಅವರಿಗೆ ಕೈಯ ಮೇಲೆ ಗಮನವಿದ್ದರೇ ಒಳ್ಳೆಯದು.

ಬೆಳಗಾಗುತ್ತಲೇ ಬಾಗಿಲ ಮುಂದೆ ಮಾತಾಡುತ್ತಾ ರಂಗೋಲಿ ಎಳೆಯುವ ಅಜ್ಜಿಯನ್ನು ತಡೆದು, ‘ಎಳೆ ಬಿಡುವಾಗ ಹೆಬ್ಬೆರಳು ಎಲ್ಲಿರುತ್ತೆ ಅಜ್ಜಿ?’ ಎಂದು ಕೇಳಿ ನೋಡಿ. ಮುಂದಿನ ಎಳೆ ಸೊಟ್ಟಗಾಗುತ್ತದೆ.

ಬೇಕರ್-ಫಿಂಚ್ ಹೆಬ್ಬೆರಳು ಎಲ್ಲಿದೆ ಎಂದು ವರ್ಷಗಟ್ಟಲೆ ಹುಡುಕಿದರು. ಪ್ರತಿ ಗುರುವೂ ಆ ಪ್ರಶ್ನೆಯನ್ನೇ ಇನ್ನಷ್ಟು ಸೂಕ್ಷ್ಮವಾಗಿ ಕೇಳಿದರು. ಕಚೇರಿಗಳಲ್ಲಿ ಕೆಲಸ ಕುಸಿಯುತ್ತಿರುವವರಿಗೆ ನಾವು ಮಾಡುವುದೂ ಇದನ್ನೇ. ವಾರಕ್ಕೊಂದು ರಿವ್ಯೂ, ದಿನಕ್ಕೊಂದು ಸ್ಟೇಟಸ್ ಕಾಲ್, ಕೊನೆಗೆ ‘ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್’. ಅದುವರೆಗೆ ತಪ್ಪು ಮಾಡುತ್ತಿದ್ದವರು ಆಮೇಲೆ ಸರಿಯಾಗಿ ಬರುತ್ತಿದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ.

ಇನ್ನೊಂದು ಅಪ್ರೈಸಲ್ ನೋಡು

ಮೊದಲ ವರ್ಷವೇ ಯಾಕೆ ಬಿಡಲಿಲ್ಲ ಎಂದು ಹೊರಗೆ ಕೂತು ಕೇಳುವುದು ಸುಲಭ. ಬೆಂಗಳೂರಿನ ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ಈ ಸಂಭಾಷಣೆ ನಡೆಯುತ್ತದೆ:

‘ಅಪ್ಪಾ, ನಂಗೆ ಆಗ್ತಿಲ್ಲ. ಪೇಪರ್ ಹಾಕ್ಬಿಡ್ತೀನಿ.’

‘ಏಪ್ರಿಲ್‌ಗೆ ಅಪ್ರೈಸಲ್ ಇದೆಯಲ್ಲಮ್ಮಾ, ಅದೊಂದು ನೋಡ್ಕೊಂಡು ಬಿಡು.’

‘ಹೋದ್ ವರ್ಷಾನೂ ಇದೇ ಹೇಳಿದ್ರಿ.’

‘ಐದು ವರ್ಷ ತುಂಬಿದ್ರೆ ಗ್ರಾಚ್ಯುಟಿನಾದ್ರೂ ಬರುತ್ತೆ...’

ಅಪ್ಪ ಹೇಳುವುದರಲ್ಲಿ ಲೆಕ್ಕ ಇಲ್ಲದಿಲ್ಲ. ಗೃಹಸಾಲದ ಕಂತು ಯಾರ ಮನಸ್ಸಿನ ಬೇಸರವನ್ನೂ ಕೇಳಿಕೊಂಡು ಬರುವುದಿಲ್ಲ. ಓಪನ್ ಗೆದ್ದವರ ಹಾಗೆ ಬಿಟ್ಟು ಎದ್ದು ಹೋಗುವ ಅನುಕೂಲ ಎಲ್ಲರಿಗೂ ಇರುವುದಿಲ್ಲ ಎಂಬುದನ್ನು ಇಂಥ ಲೇಖನಗಳು ಮರೆಯುತ್ತವೆ. ಆದರೆ ಆ ಮಾತಿನಲ್ಲಿ ಇನ್ನೊಂದು ಲೆಕ್ಕವೂ ಸೇರಿಕೊಂಡಿರುತ್ತದೆ: ಇಷ್ಟು ವರ್ಷ ಸುರಿದದ್ದು ಹಾಳಾಗಬಾರದು.

ಅಮೆರಿಕದ ಓಹಾಯೊದಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಮಾಡಿದ ಪ್ರಯೋಗವೊಂದು 1985ರಲ್ಲಿ ಪ್ರಕಟವಾಯಿತು. ಇಡೀ ವರ್ಷದ ನಾಟಕಗಳಿಗೆ ಒಟ್ಟಿಗೆ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ ರಿಯಾಯಿತಿ. ಯಾರಿಗೆ ಯಾವುದು ಎಂಬುದು ಅದೃಷ್ಟದ ಮಾತು. ನಾಟಕಗಳು ಎಲ್ಲರಿಗೂ ಅವೇ. ಆದರೂ ಮೊದಲ ಆರು ತಿಂಗಳು ಪೂರ್ತಿ ದುಡ್ಡು ಕೊಟ್ಟವರೇ ಹೆಚ್ಚು ನಾಟಕಗಳಿಗೆ ಹೋದರು. ಹೋದ ದುಡ್ಡು ಅವರನ್ನು ಕರೆದೊಯ್ದು ಕುರ್ಚಿಯಲ್ಲಿ ಕೂರಿಸುತ್ತಿತ್ತು.

15ನೇ ವಯಸ್ಸಿಗೆ ಶಾಲೆ ಬಿಟ್ಟು ಬಂದವರು, ಓಪನ್ ಗೆದ್ದವರು, ಟಿಕೆಟ್ಟಿಗೆ ಪೂರ್ತಿ ಬೆಲೆ ಕೊಟ್ಟವರೇ ತಾನೆ? ಜೊತೆಗೆ ಓಪನ್ ಗೆದ್ದವರಿಗೆ ಮುಂದೆಯೂ ವರ್ಷ ವರ್ಷ ಓಪನ್ ಆಡುವ ಹಕ್ಕು ಇರುತ್ತದೆ. ಬಾಗಿಲು ತೆರೆದೇ ಇರುವಾಗ ಹೋಗದೆ ಇರುವುದು ಕಷ್ಟ. ಟ್ರೂನ್‌ನಲ್ಲಿ ಆ ಗುರುವಾರ ಅವರನ್ನು ಮೊದಲ ಟೀ ಮೇಲೆ ತಂದು ನಿಲ್ಲಿಸಿದ್ದು ಈ ಹಕ್ಕೇ.

---

ನಾಣ್ಯ ಹೇಳಿತು, ಕೆಲಸ ಬಿಟ್ಟರು

ಷಿಕಾಗೊದ ಅರ್ಥಶಾಸ್ತ್ರಜ್ಞ, ‘ಫ್ರೀಕನಾಮಿಕ್ಸ್’ ಖ್ಯಾತಿಯ ಸ್ಟೀವನ್ ಲೆವಿಟ್ 2013ರಲ್ಲಿ ಒಂದು ಜಾಲತಾಣ ತೆರೆದರು. ಕೆಲಸ ಬಿಡಲೋ ಬೇಡವೋ, ಸಂಬಂಧ ಮುರಿಯಲೋ ಬೇಡವೋ ಎಂದು ಒದ್ದಾಡುವವರು ಅಲ್ಲಿಗೆ ಹೋದರೆ ಅವರ ಪರವಾಗಿ ನಾಣ್ಯ ಚಿಮ್ಮುತ್ತಿತ್ತು. ಹೆಡ್ ಬಿದ್ದರೆ ಬದಲಾಯಿಸು, ಟೇಲ್ ಬಿದ್ದರೆ ಇದ್ದ ಹಾಗೇ ಇರು. ಒಂದು ವರ್ಷದಲ್ಲಿ 20 ಸಾವಿರಕ್ಕೂ ಹೆಚ್ಚು ನಾಣ್ಯಗಳು ಚಿಮ್ಮಿದವು.

ನಾಣ್ಯದ ಮಾತು ಕೇಳಿದವರೂ ಇದ್ದರು! ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ಬಳಿಕ, ಇದ್ದಲ್ಲೇ ಉಳಿದವರಿಗಿಂತ ಹೆಚ್ಚು ನೆಮ್ಮದಿಯಿಂದಿದ್ದೇವೆ ಎಂದರು. ನಾಣ್ಯ ಚಿಮ್ಮುವಷ್ಟು ತಕ್ಕಡಿ ಸಮವಾಗಿ ತೂಗುತ್ತಿದ್ದರೆ ನಾವು ಇರುವ ಕಡೆಗೇ ವಾಲುತ್ತೇವೆ ಎಂಬುದು ಲೆವಿಟ್ ಕಂಡುಕೊಂಡದ್ದು. ಅಲ್ಲಿಗೆ ಹೋದವರೆಲ್ಲ ಅರ್ಧ ಮನಸ್ಸು ಮಾಡಿಕೊಂಡೇ ಹೋದವರು ಎಂಬುದನ್ನೂ ನೆನಪಿಡಬೇಕು.

---

ಹಾಗೆಂದು ಎಲ್ಲರೂ ಬಿಡಬೇಕೆ?

ಇಲ್ಲಿ ನನ್ನ ವಾದಕ್ಕೆ ಅಡ್ಡ ಬರುವವರಿದ್ದಾರೆ. ಮೊದಲಿಗರು ಸ್ವೀಡನ್ನಿನ ಹೆನ್ರಿಕ್ ಸ್ಟೆನ್ಸನ್.

2009ರಲ್ಲಿ ಪ್ಲೇಯರ್ಸ್ ಚಾಂಪಿಯನ್‌ಷಿಪ್ ಗೆದ್ದು ಜಗತ್ತಿನ ಮೊದಲ ಐವರಲ್ಲಿ ಒಬ್ಬರಾದವರು 2012ರ ಆರಂಭಕ್ಕೆ 230ನೇ ಸ್ಥಾನಕ್ಕೆ ಜಾರಿದ್ದರು. ಅದೂ ಅವರಿಗೆ ಎರಡನೇ ಸಲದ ಜಾರಾಟ. ದಶಕದ ಹಿಂದೆ ಚೆಂಡು ಯಾವ ಕಡೆ ಹೋಗುತ್ತದೆಂದೇ ಗೊತ್ತಾಗದೆ, ಐರ್ಲೆಂಡಿನ ಟೂರ್ನಿಯೊಂದರಲ್ಲಿ ಒಂಬತ್ತು ಕುಳಿಗೇ ಸಾಕು ಮಾಡಿ ಹೊರನಡೆದಿದ್ದರು. ಎರಡೂ ಸಲ ಬಿಡಲಿಲ್ಲ. 2013ರಲ್ಲಿ ಅಮೆರಿಕ ಮತ್ತು ಯುರೋಪಿನ ಋತು ಪ್ರಶಸ್ತಿಗಳೆರಡನ್ನೂ ಗೆದ್ದರು. 2016ರಲ್ಲಿ ಓಪನ್ ಗೆದ್ದರು. ಕೊನೆಯ ದಿನ 63, ಒಟ್ಟು 264, ಓಪನ್ ಇತಿಹಾಸದಲ್ಲೇ ಆವರೆಗಿನ ಅತಿ ಕಡಿಮೆ. ನಡೆದದ್ದು ರಾಯಲ್ ಟ್ರೂನ್‌ನಲ್ಲಿ!

ಅಮೆರಿಕದ ಸ್ಟೀವ್ ಸ್ಟ್ರಿಕರ್ ಅವರದು ಇನ್ನೂ ಮಜವಾದ ಕಥೆ. ಪಿಜಿಎ ಟೂರ್‌ನಲ್ಲಿ ಆಡುವ ಪರವಾನಗಿಯಾದ ಟೂರ್ ಕಾರ್ಡ್ ಕಳೆದುಕೊಂಡು ತವರು ವಿಸ್ಕಾನ್ಸಿನ್‌ಗೆ ಮರಳಿದರು. ಅಲ್ಲಿ ಚಳಿಗಾಲದಲ್ಲಿ ಮೈದಾನವೆಲ್ಲ ಹಿಮ. ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದ ಟ್ರೇಲರ್ ಒಳಗೆ ನಿಂತು ಹಿಮದ ಬಯಲಿಗೆ ಚೆಂಡು ಹೊಡೆದರು. ಮತ್ತೆ ಆಡಲು ಬಂದಾಗ 2006ಕ್ಕೆ ‘ಕಂಬ್ಯಾಕ್ ಪ್ಲೇಯರ್ ಆಫ್ ದಿ ಇಯರ್’ ಪ್ರಶಸ್ತಿ. 2007ರಲ್ಲಿ ಇನ್ನೂ ಚೆನ್ನಾಗಿ ಆಡಿದ್ದಕ್ಕೆ ಮತ್ತೆ ಅದೇ ಪ್ರಶಸ್ತಿ. ಒಮ್ಮೆ ಮರಳಿ ಬಂದವರು ಎಲ್ಲಿಗೂ ಹೋಗದೆ ಮತ್ತೊಮ್ಮೆ ಹೇಗೆ ಮರಳಿ ಬಂದರೋ, ಕೊಟ್ಟವರನ್ನೇ ಕೇಳಬೇಕು. 2009ರಲ್ಲಿ ಅವರು ಜಗತ್ತಿನ ಎರಡನೇ ಆಟಗಾರ.

ಬೇಕರ್-ಫಿಂಚ್‌ಗೂ ಇವರಿಗೂ ವ್ಯತ್ಯಾಸ ಏನು? ಅಂಕಗಳನ್ನಷ್ಟೇ ನೋಡಿದರೆ ಏನೂ ಕಾಣುವುದಿಲ್ಲ. ನೋಡಬೇಕಾದದ್ದು ಆಟ ಎಲ್ಲಿ ಕೆಡುತ್ತಿದೆ ಎಂಬುದನ್ನು. ಸ್ಟ್ರಿಕರ್ ಮತ್ತು ಸ್ಟೆನ್ಸನ್ ಅವರಿಗೆ ಕೆಟ್ಟದ್ದು ಡ್ರೈವ್, ಅಂದರೆ ಟೀ ಮೇಲಿಂದ ಹೊಡೆಯುವ ದೂರದ ಹೊಡೆತ. ಅಭ್ಯಾಸದಲ್ಲೂ ಕೆಡುತ್ತಿತ್ತು, ಅಭ್ಯಾಸದಲ್ಲೇ ರಿಪೇರಿಯಾಯಿತು. ಬೇಕರ್-ಫಿಂಚ್‌ಗೆ ಅಭ್ಯಾಸದ ಅಂಗಳದಲ್ಲಿ ರಿಪೇರಿ ಮಾಡಲು ಏನೂ ಇರಲಿಲ್ಲ. ಕೆಟ್ಟದ್ದು ಆ ಮೊದಲ ಟೀ, ಅಲ್ಲಿನ ಕಣ್ಣುಗಳು, ಕಿಸೆಯ ಅಂಕಪಟ್ಟಿ. ಅದನ್ನು ಹೆಚ್ಚು ಹೆಚ್ಚು ಅಭ್ಯಾಸದಿಂದ ಸರಿಪಡಿಸಲು ಹೋಗಿ ವರ್ಷಗಳು ಕಳೆದವು.

ಕಚೇರಿಯ ಕೆಲಸಕ್ಕೂ ಇದು ಸಲ್ಲುತ್ತದೆ ಎಂದು ನನ್ನ ಅನಿಸಿಕೆ. ಕೋಡ್ ಬರೆಯುವುದೇ ಮರೆತುಹೋಗಿದ್ದರೆ ಕಲಿಯಬಹುದು. ಮನೆಯಲ್ಲಿ ರಾತ್ರಿ ಕೂತು ಬರೆದರೆ ಕೋಡ್ ಚೆನ್ನಾಗೇ ಬರುತ್ತದೆ, ಆ ಕಟ್ಟಡದೊಳಗೆ ಬ್ಯಾಡ್ಜ್ ತೋರಿಸಿದ ಕೂಡಲೇ ಹೊಟ್ಟೆ ತೊಳಸುತ್ತದೆ ಎಂದಾದರೆ ಇನ್ನೊಂದು ಸರ್ಟಿಫಿಕೇಟ್ ಕೋರ್ಸ್ ಏನು ಮಾಡೀತು?

ಒಂದು ಕೆಟ್ಟ ಭಾನುವಾರ ಬೇರೆ

ಇನ್ನೊಂದು ಎಚ್ಚರವೂ ಬೇಕು. ಎಲ್ಲ ಕೆಟ್ಟ ಆಟವೂ ಕುಸಿತವಲ್ಲ.

ಬೆಂಗಳೂರಿನ ಅದಿತಿ ಅಶೋಕ್ ಅವರನ್ನೇ ನೋಡಿ. ಅಪ್ಪ ಅಮ್ಮನ ಜೊತೆ ಹೋಟೆಲಿನಲ್ಲಿ ತಿಂಡಿ ತಿನ್ನುವಾಗ ಎದುರಿಗೆ ಕಂಡ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದಿಂದ ಐದನೇ ವಯಸ್ಸಿಗೆ ಆಟ ಶುರುಮಾಡಿದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮ್ಮನನ್ನೇ ಕ್ಯಾಡಿ ಮಾಡಿಕೊಂಡು ಆಡಿ ನಾಲ್ಕನೆಯವರಾದಾಗ, ಗಾಲ್ಫ್ ಎಂದರೇನೆಂದು ಗೊತ್ತಿಲ್ಲದವರೂ ಬೆಳಗಿನ ಜಾವ ಎದ್ದು ಟಿವಿ ಹಾಕಿದ್ದರು.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್. ಮೂರನೇ ದಿನ ಅದಿತಿ ಹೊಡೆದದ್ದು 61. ಏಳು ಹೊಡೆತಗಳ ಮುನ್ನಡೆ, ಚಿನ್ನ ಕೊರಳಿಗೆ ಬಿದ್ದ ಹಾಗೇ. ಕೊನೆಯ ದಿನ, ಅಕ್ಟೋಬರ್ 1ರ ಭಾನುವಾರ, 77. ಒಂದೇ ರಾತ್ರಿಯಲ್ಲಿ 16 ಹೊಡೆತಗಳ ವ್ಯತ್ಯಾಸ. ಸಿಕ್ಕಿದ್ದು ಬೆಳ್ಳಿ. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಗೆ ಸಿಕ್ಕ ಮೊದಲ ಪದಕ ಅದು, ಆದರೂ ಟಿವಿ ಚರ್ಚೆಗಳಿಗೆ 77ರದ್ದೇ ಚಿಂತೆ.

ಎರಡು ತಿಂಗಳೊಳಗೆ ಸ್ಪೇನ್‌ನಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ಪ್ರಶಸ್ತಿ ಗೆದ್ದರು. 61 ಹೊಡೆದ ಮರುದಿನ ಯಾರಿಗೇ ಆಗಲಿ ಅಂಕ ಏರುವುದು ಸಹಜ, 77ರ ಬಳಿಕ ಇಳಿಯುವುದೂ ಅಷ್ಟೇ ಸಹಜ. ಇದನ್ನು ಬಲ್ಲವರು ಒಂದು ಕೆಟ್ಟ ತ್ರೈಮಾಸಿಕ ನೋಡಿ ರಾಜೀನಾಮೆ ಬರೆಯುವುದಿಲ್ಲ. ಒಳ್ಳೆಯ ಒಂದು ತ್ರೈಮಾಸಿಕ ನೋಡಿ ಎಲ್ಲ ಸರಿಹೋಯಿತು ಎಂದುಕೊಳ್ಳುವುದೂ ಇಲ್ಲ.

ಹಾಗಾದರೆ ಬಿಡುವುದು ಯಾವಾಗ? ಪೋಕರ್ ಆಟಗಾರ್ತಿಯಾಗಿದ್ದು ಲೇಖಕಿಯಾದ ಆನಿ ಡ್ಯೂಕ್ 2022ರಲ್ಲಿ ‘ಕ್ವಿಟ್’ ಎಂಬ ಪುಸ್ತಕವನ್ನೇ ಬರೆದರು. ಅವರ ಸಲಹೆ ತೀರಾ ನೀರಸ, ಅದಕ್ಕೇ ಉಪಯುಕ್ತ. ತಲೆ ತಣ್ಣಗಿರುವಾಗ ಎರಡು ವಿಷಯ ಬರೆದಿಡಿ: ಯಾವ ಸ್ಥಿತಿ ಬಂದರೆ ಬಿಡುತ್ತೇನೆ, ಯಾವ ತಾರೀಕಿನೊಳಗೆ. ಇಕ್ಕಟ್ಟಿನ ನಡುವೆ ನಿಂತಾಗ ಮನಸ್ಸು ಪ್ರತಿ ಸಲವೂ ಹೊಸ ನೆವ ಹುಡುಕುತ್ತದೆ. ಏಪ್ರಿಲ್ ಅಪ್ರೈಸಲ್ ಮುಗಿದರೆ ದೀಪಾವಳಿ ಬೋನಸ್.

ತಡಮಾಡದೆ ಹೊರಟವರ ಉದಾಹರಣೆ ನಮ್ಮೂರಲ್ಲೇ ಇದೆ. ರಾಹುಲ್ ದ್ರಾವಿಡ್ 2011ರ ಇಂಗ್ಲೆಂಡ್ ಪ್ರವಾಸದ ನಾಲ್ಕು ಟೆಸ್ಟ್‌ಗಳಲ್ಲಿ ಮೂರು ಶತಕ ಬಾರಿಸಿದರು. ಅದರ ಬೆನ್ನಿಗೇ ಆಸ್ಟ್ರೇಲಿಯಾದಲ್ಲಿ ಎಂಟು ಇನ್ನಿಂಗ್ಸ್‌ಗಳಲ್ಲಿ ಆರು ಸಲ ಬೌಲ್ಡ್. ‘ಗೋಡೆ’ ಎನಿಸಿಕೊಂಡವರ ಸ್ಟಂಪು ಉರುಳುವುದನ್ನು ನೋಡಲು ನಮಗೇ ಕಷ್ಟವಾಗುತ್ತಿತ್ತು. 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪತ್ರಕರ್ತರನ್ನು ಕರೆದು ಮುಗಿಸಿಬಿಟ್ಟರು. ಇನ್ನೊಂದು ಸರಣಿ ಆಡಿದ್ದರೆ ಮತ್ತೆ ಶತಕ ಬರುತ್ತಿತ್ತೋ ಏನೋ. ನಾವು ಜಗಲಿಯಲ್ಲಿ ಕೂತು ಇವತ್ತಿಗೂ ವಾದಿಸಬಹುದು, ಅವರು ವಾದಿಸಲಿಲ್ಲ.

ಬಿಡದೆಯೂ, ಗೆಲ್ಲದೆಯೂ

ಈ ಯಾವ ಲೆಕ್ಕಕ್ಕೂ ಸಿಗದವರು ಡೇವಿಡ್ ಡುವಾಲ್. 1999ರಲ್ಲಿ ಬಾಬ್ ಹೋಪ್ ಟೂರ್ನಿಯ ಕೊನೆಯ ದಿನ 59 ಹೊಡೆದು ಗೆದ್ದರು. ಅದೇ ವರ್ಷ ಟೈಗರ್ ವುಡ್ಸ್ ಅವರನ್ನು ಕೆಳಗಿಳಿಸಿ ಜಗತ್ತಿನ ಮೊದಲ ಸ್ಥಾನಕ್ಕೆ ಏರಿದರು. 2001ರಲ್ಲಿ ಓಪನ್ ಗೆದ್ದರು. ಆಗ ಅವರಿಗೆ 29 ವರ್ಷ.

ಆಮೇಲೆ ಪಿಜಿಎ ಟೂರ್‌ನಲ್ಲಿ ಒಂದೇ ಒಂದು ಗೆಲುವಿಲ್ಲ. ಬೆನ್ನುನೋವು, ತಲೆಸುತ್ತು, ಹಾದಿ ತಪ್ಪಿದ ಡ್ರೈವ್. ರ್‍ಯಾಂಕಿಂಗ್‌ನಲ್ಲಿ 882ನೇ ಸ್ಥಾನಕ್ಕೆ ಬಿದ್ದಿದ್ದಾಗ, 2009ರಲ್ಲಿ, ಅರ್ಹತಾ ಸುತ್ತು ಆಡಿ ಯುಎಸ್ ಓಪನ್‌ಗೆ ಬಂದು ಜಂಟಿ ಎರಡನೆಯವರಾದರು! ಎಲ್ಲರೂ ‘ಬಂದರು, ಬಂದರು’ ಎಂದರು. ಬರಲಿಲ್ಲ.

2019ರ ಓಪನ್, ಉತ್ತರ ಐರ್ಲೆಂಡಿನ ರಾಯಲ್ ಪೋರ್ಟ್‌ರಷ್. ಅಷ್ಟರಲ್ಲಾಗಲೇ ಡುವಾಲ್ ಟಿವಿ ವಿಶ್ಲೇಷಕರು. ಏಳನೇ ಕುಳಿಯಲ್ಲಿ ಚೆಂಡುಗಳನ್ನು ಕಳೆದುಕೊಂಡರು, ಆಮೇಲೆ ತಮ್ಮದಲ್ಲದ ಚೆಂಡನ್ನು ಆಡಿದರು. ಆ ಒಂದೇ ಕುಳಿಗೆ 14 ಹೊಡೆತ. ಒಟ್ಟು 91. ಬೇಕರ್-ಫಿಂಚ್ ಅವರ ಅಂಕಕ್ಕೆ ಒಂದೇ ಕಡಿಮೆ. ಡುವಾಲ್ ನಡುವೆ ಬಿಟ್ಟು ಹೋಗಲಿಲ್ಲ. ಅಂಕಪಟ್ಟಿಗೆ ಸಹಿ ಹಾಕಿದರು, ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರಿಸಿದರು. ಹೆಸರು ಕೊಟ್ಟ ಮೇಲೆ ಆಡಿ ಮುಗಿಸುವುದು ವೃತ್ತಿಪರರ ಕರ್ತವ್ಯ ಎಂಬುದು ಅವರ ಉತ್ತರದ ತಿರುಳು. 50 ದಾಟಿದ ಮೇಲೆ ಹಿರಿಯರ ಟೂರ್‌ನಲ್ಲಿ ಆಡಲು ಹೋದರು.

ಡುವಾಲ್‌ಗೆ 91 ಯಾಕೆ ಅಷ್ಟು ಸುಡಲಿಲ್ಲ? ಆ ಹೊತ್ತಿಗೆ ಅವರ ಮನೆಯ ಒಲೆ ಉರಿಯುತ್ತಿದ್ದದ್ದು ಅಂಕದಿಂದಲ್ಲ, ಮಾತಿನಿಂದ ಎಂಬುದೂ ಒಂದು ಕಾರಣ ಇರಬಹುದು. ಗೆಲ್ಲಲೇಬೇಕಾದ ಹೊರೆ ಇಳಿದಿತ್ತು.

ಬೇಕರ್-ಫಿಂಚ್ ಕೂಡ ಟ್ರೂನ್ ಆದ ಮೇಲೆ ಹಿಡಿದದ್ದು ಮೈಕನ್ನೇ. 1998ರಿಂದ ಎಬಿಸಿ ಮತ್ತು ಇಎಸ್‌ಪಿಎನ್, 2007ರಿಂದ ಸಿಬಿಎಸ್. ಗಾಲ್ಫ್ ಬಿಟ್ಟರು ಎಂದು ಎಲ್ಲರೂ ಬರೆದರು. ನಿಜವಾಗಿ ಬಿಟ್ಟದ್ದು ಮೊದಲ ಟೀ ಮೇಲೆ ನಿಲ್ಲುವುದೊಂದನ್ನು. ಮೈದಾನದ ಏರುತಗ್ಗು, ಗಾಳಿಯ ಓಟ, ಪಟ್ ಯಾವ ಕಡೆ ವಾಲುತ್ತದೆ ಎಂಬ ಅರಿವು, ಬೀರ್ವಾದಿಂದ ಕಲಿತುಕೊಂಡು ಬಂದದ್ದೆಲ್ಲ ಹಾಗೇ ಇತ್ತು. ಅದಕ್ಕೆ ಹೊಸ ಕಡೆ ಸಂಬಳ ಸಿಕ್ಕಿತು. ತಪ್ಪಾಗಿ ಹೊಡೆದ ಆಟಗಾರರ ಬಗ್ಗೆ ಕಟುವಾಗಿ ಮಾತಾಡದ ವಿವರಣೆಕಾರ ಎಂಬ ಹೆಸರನ್ನೂ ಗಳಿಸಿದರು.

ವೃತ್ತಿಪರರಾಗಿ ಆಡಿದ್ದು 18 ವರ್ಷ, ಮಾತಾಡಿದ್ದು 27 ವರ್ಷ. 2025ರ ಆಗಸ್ಟ್‌ನಲ್ಲಿ, 64ನೇ ವಯಸ್ಸಿನಲ್ಲಿ, ವಿಂಡಮ್ ಚಾಂಪಿಯನ್‌ಷಿಪ್ ಪ್ರಸಾರದೊಂದಿಗೆ ಆ ಕೆಲಸವನ್ನೂ ಬಿಟ್ಟರು. ಮೊದಲ ಸಲ ಹೊರಡುವುದಕ್ಕೆ 29 ಟೂರ್ನಿಗಳೂ ಒಂದು 92ನೂ ಬೇಕಾಗಿತ್ತು. ಈ ಸಲ ಯಾರೂ ಹೋಗಿ ಎಂದಿರಲಿಲ್ಲ.